ಬಣ್ಣ ನೋಡಿ ಬಿಸಿ ಹೇಳುವ ಯಂತ್ರ

ಮಕ್ಕಳೇ, ಚಳಿಗಾಲದ ರಾತ್ರಿ ಊಟ ಮುಗಿಸಿ ಅಂಗಳಕ್ಕೆ ಬಂದು ಪೂರ್ವದ ಕಡೆ ನೋಡಿದ್ದೀರಾ? ಒಂದೇ ಸಾಲಿನಲ್ಲಿ ಮೂರು ನಕ್ಷತ್ರಗಳು ಕಾಣುತ್ತವೆ. ಅದು ಮಹಾವ್ಯಾಧನ ನಡುಪಟ್ಟಿ. ಆ ಪಟ್ಟಿಯ ಎಡಕ್ಕೆ ಕೆಂಪಾಗಿ ಹೊಳೆಯುವುದು ಆರ್ದ್ರಾ. ಬಲಕ್ಕೆ, ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ, ನೀಲಿ ಬೆರೆತ ಬಿಳುಪಿನಲ್ಲಿ ಹೊಳೆಯುವುದು ರಿಗೆಲ್.

ಕಳೆದ ಜನವರಿಯಲ್ಲಿ ಕಮಲಾಪುರದ ಒಂದು ಶಾಲೆಯಲ್ಲಿ ಆಕಾಶ ವೀಕ್ಷಣೆ ಇಟ್ಟುಕೊಂಡಿದ್ದೆವು. ಕಲಬುರಗಿ ನಗರದ ದೀಪಗಳ ಬೆಳಕಿನಲ್ಲಿ ಮುಳುಗಿಹೋಗುವ ಎಷ್ಟೋ ನಕ್ಷತ್ರಗಳು ಅಲ್ಲಿ ಚೆನ್ನಾಗಿ ಕಾಣುತ್ತವೆ. ನಾನು ಎರಡೂ ನಕ್ಷತ್ರಗಳನ್ನು ತೋರಿಸಿ, "ಆರ್ದ್ರಾದ ಮೇಲ್ಮೈ ತಾಪ ಸುಮಾರು 3,500 ಕೆಲ್ವಿನ್, ರಿಗೆಲ್‌ನದು ಸುಮಾರು 12,000 ಕೆಲ್ವಿನ್, ನಮ್ಮ ಸೂರ್ಯನದು ಸುಮಾರು 5,800 ಕೆಲ್ವಿನ್" ಎಂದು ಹೇಳಿದೆ. (ಕೆಲ್ವಿನ್ ಅಂಕಿಯಿಂದ 273 ಕಳೆದರೆ ನಿಮಗೆ ಗೊತ್ತಿರುವ ಸೆಲ್ಸಿಯಸ್ ಅಂಕಿ ಸಿಗುತ್ತದೆ.)

ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಅಲ್ಲಿಗಿ ಯಾರೂ ಹೋಗಿಲ್ಲಲ್ರಿ. ಮತ್ತ ಬಿಸಿ ಎಷ್ಟದ ಅಂತ ಹ್ಯಾಂಗ ಗೊತ್ತಾತ್ರಿ?"

ನಾನು ಕಮ್ಮಾರನ ಕುಲುಮೆಯ ಉದಾಹರಣೆ ಕೊಟ್ಟೆ. ಕುಡುಗೋಲು ಬಡಿಯುವಾಗ ನೀವೂ ನೋಡಿರುತ್ತೀರಿ. ಕಬ್ಬಿಣ ಮೊದಲು ಮಂದ ಕೆಂಪಾಗುತ್ತದೆ. ತಿದಿ ಒತ್ತಿದಂತೆ ಕಿತ್ತಳೆಯಾಗುತ್ತದೆ, ಆಮೇಲೆ ಹಳದಿ, ಇನ್ನೂ ಕಾಯಿಸಿದರೆ ಬಿಳುಪು. ಬಿಸಿ ಹೆಚ್ಚಿದಂತೆ ಬಣ್ಣ ಕೆಂಪಿನಿಂದ ನೀಲಿಯ ಕಡೆಗೆ ಸರಿಯುತ್ತದೆ. ನಕ್ಷತ್ರಕ್ಕೂ ಇದೇ ನಿಯಮ. ನೀರಿನ ನಲ್ಲಿಯ ಮೇಲೆ ಕೆಂಪು ಗುರುತು ಬಿಸಿಗೆ, ನೀಲಿ ಗುರುತು ತಣ್ಣೀರಿಗೆ. ಆಕಾಶದಲ್ಲಿ ಲೆಕ್ಕ ತಿರುಗುಮುರುಗು.

ಹುಡುಗಿ ಕುಳಿತುಕೊಳ್ಳಲಿಲ್ಲ. "ಕೆಂಪು ಅಂದ್ರ ಎಷ್ಟು ಕೆಂಪ್ರಿ?"

ಇದು ಮೊದಲನೆಯದಕ್ಕಿಂತ ದೊಡ್ಡ ಪ್ರಶ್ನೆ. "ಕೆಂಪು" ಎನ್ನುವುದು ಮಾತು. ಅದನ್ನು ಅಂಕಿ ಮಾಡದೆ ವಿಜ್ಞಾನ ಮುಂದೆ ಹೋಗುವುದಿಲ್ಲ.

ಬಣ್ಣವನ್ನು ಅಂಕಿ ಮಾಡುವುದು

ದೂರದರ್ಶಕದ ಕ್ಯಾಮೆರಾದ ಮುಂದೆ ಮೊದಲು ನೀಲಿ ಗಾಜು ಇಟ್ಟು ನಕ್ಷತ್ರದ ಬೆಳಕನ್ನು ಅಳೆಯುತ್ತಾರೆ. ಆಮೇಲೆ ಕೆಂಪು ಗಾಜು ಇಟ್ಟು ಅದೇ ನಕ್ಷತ್ರವನ್ನು ಅಳೆಯುತ್ತಾರೆ. ಇಂತಹ ಗಾಜಿಗೆ ಶೋಧಕ ಎಂದು ಹೆಸರು. ಅದು ತನ್ನ ಬಣ್ಣದ ಬೆಳಕನ್ನು ಮಾತ್ರ ಒಳಗೆ ಬಿಡುತ್ತದೆ. ಎರಡು ಅಳತೆಗಳನ್ನು ಹೋಲಿಸಿದರೆ ನಕ್ಷತ್ರ ಎಷ್ಟು ಕೆಂಪು, ಎಷ್ಟು ನೀಲಿ ಎಂಬುದು ಅಂಕಿಯಲ್ಲಿ ಸಿಗುತ್ತದೆ. ಈ ವಿದ್ಯೆಗೆ ದ್ಯುತಿಮಾಪನ ಎನ್ನುತ್ತಾರೆ. ಆಕಾಶದ ಒಂದು ತುಂಡಿನ ಚಿತ್ರ ತೆಗೆದರೆ ಅದರಲ್ಲಿ ಸಾವಿರಾರು ನಕ್ಷತ್ರಗಳು ಒಟ್ಟಿಗೆ ಬರುತ್ತವೆ. ಹಾಗಾಗಿ ಇದು ಬೇಗ ಮುಗಿಯುವ ಕೆಲಸ.

ಇದಕ್ಕಿಂತ ನಿಖರವಾದ ದಾರಿ ಇನ್ನೊಂದಿದೆ. ಪಟ್ಟಕದಿಂದ ಬಿಸಿಲನ್ನು ಏಳು ಬಣ್ಣ ಮಾಡಿದ್ದು ನೆನಪಿದೆಯೇ? ನಕ್ಷತ್ರದ ಬೆಳಕನ್ನೂ ಹಾಗೆಯೇ ಹರಡಬಹುದು. ಹರಡಿದ ಬಣ್ಣಗಳ ಪಟ್ಟಿಗೆ ರೋಹಿತ ಎನ್ನುತ್ತಾರೆ. ಅದರಲ್ಲಿ ಅಲ್ಲಲ್ಲಿ ಕಪ್ಪು ಗೆರೆಗಳಿರುತ್ತವೆ. ಆ ಗೆರೆಗಳಿಂದ ತಾಪವನ್ನು ಲೆಕ್ಕ ಹಾಕುವ ಸೂತ್ರವನ್ನು 1920ರಲ್ಲಿ ಕೊಟ್ಟವರು ನಮ್ಮ ದೇಶದ ಮೇಘನಾದ ಸಹಾ. ನಕ್ಷತ್ರದಲ್ಲಿ ಯಾವ ಯಾವ ಧಾತುಗಳಿವೆ ಎಂಬುದನ್ನೂ ಆ ಗೆರೆಗಳು ಹೇಳುತ್ತವೆ.

ಹಾಗಾದರೆ ಎಲ್ಲ ನಕ್ಷತ್ರಗಳ ರೋಹಿತವನ್ನೂ ತೆಗೆದುಬಿಡಬಾರದೇ? ಬೆಳಕನ್ನು ಹರಡಿದಾಗ ಅದು ತೆಳುವಾಗುತ್ತದೆ. ಒಂದು ಚಮಚ ಬೆಲ್ಲವನ್ನು ಕೊಡ ನೀರಿಗೆ ಹಾಕಿದಂತೆ. ಅದಕ್ಕೇ ಮಸುಕಾದ ನಕ್ಷತ್ರದ ಮುಂದೆ ದೂರದರ್ಶಕ ಬಹಳ ಹೊತ್ತು ಕಾಯಬೇಕು. ಒಂದು ಲೆಕ್ಕ ಮಾಡೋಣ. ಯುರೋಪಿನ ಗಾಯಾ ಎಂಬ ಬಾಹ್ಯಾಕಾಶ ದೂರದರ್ಶಕ 2013ರ ಡಿಸೆಂಬರಿನಲ್ಲಿ ಮೇಲೇರಿ, 2025ರ ಜನವರಿಯವರೆಗೆ ಆಕಾಶವನ್ನು ಅಳೆಯಿತು. ಅದರ ಪಟ್ಟಿಯಲ್ಲಿ ಸುಮಾರು 180 ಕೋಟಿ ನಕ್ಷತ್ರಗಳಿವೆ. ಒಂದೊಂದರ ರೋಹಿತಕ್ಕೆ ಹತ್ತೇ ನಿಮಿಷ ಎಂದುಕೊಂಡು, ಒಂದಾದ ಮೇಲೊಂದರಂತೆ ಹಗಲು ರಾತ್ರಿ ಬಿಡದೆ ಕೆಲಸ ಮಾಡಿದರೂ 34 ಸಾವಿರ ವರ್ಷ ಬೇಕು. ನೀವೇ ಗುಣಿಸಿ ನೋಡಿ.

ಅಂದರೆ ಕೆಲವು ನಕ್ಷತ್ರಗಳಿಗೆ ರೋಹಿತದಿಂದ ಬಂದ ಸರಿಯಾದ ಉತ್ತರ ನಮ್ಮ ಬಳಿ ಇದೆ. ಉಳಿದ ಕೋಟ್ಯಂತರ ನಕ್ಷತ್ರಗಳಿಗೆ ಇರುವುದು ಬಣ್ಣದ ಅಂಕಿ ಮಾತ್ರ. ಉತ್ತರ ಗೊತ್ತಿರುವ ನಕ್ಷತ್ರಗಳನ್ನು ಕಂಪ್ಯೂಟರಿಗೆ ತೋರಿಸಿ, ಉತ್ತರ ಗೊತ್ತಿಲ್ಲದವುಗಳಿಗೆ ಅದರಿಂದ ಉತ್ತರ ಹೇಳಿಸಬಹುದೇ? ಹೇಳಿಸಬಹುದು. ಇದನ್ನೇ ಯಂತ್ರ ಕಲಿಕೆ ಎನ್ನುತ್ತಾರೆ.

ಬಾಳೆಹಣ್ಣಿನ ಆಟ

ಅದು ಹೇಗೆಂದು ತಿಳಿಯಲು ಮರುದಿನ ಅದೇ ಶಾಲೆಯಲ್ಲಿ ಒಂದು ಆಟ ಆಡಿದೆವು. ಕಲಬುರಗಿಯ ಮಾರುಕಟ್ಟೆಯಿಂದ ಬಗೆಬಗೆಯ ಹದದಲ್ಲಿದ್ದ ಇಪ್ಪತ್ತು ಬಾಳೆಹಣ್ಣು ತಂದಿದ್ದೆ. ಒಂದೊಂದನ್ನೂ ನೋಡಿ ಹಸಿರಿಗೆ ಎಷ್ಟು, ಹಳದಿಗೆ ಎಷ್ಟು, ಕಪ್ಪಿಗೆ ಎಷ್ಟು ಎಂದು ಹತ್ತಕ್ಕೆ ಅಂಕ ಹಾಕಿದೆವು. ಆಮೇಲೆ ಸುಲಿದು, ಒತ್ತಿ, ತಿಂದು ನೋಡಿ ಅದರ ಮುಂದೆ ಕಾಯಿ, ದೋರೆಗಾಯಿ, ಹಣ್ಣು, ಕಳಿತದ್ದು ಎಂದು ಉತ್ತರ ಬರೆದೆವು. ಹೀಗೆ ಇಪ್ಪತ್ತು ಸಾಲಿನ ಒಂದು ಪುಸ್ತಕ ತಯಾರಾಯಿತು. ತಿಂದು ನೋಡುವ ಕೆಲಸಕ್ಕೆ ಬಹಳ ಜನ ಕೈ ಎತ್ತಿದರು, ಅದನ್ನು ಬೇರೆ ಹೇಳಬೇಕಿಲ್ಲ.

ಆಮೇಲೆ ಒಬ್ಬ ಹುಡುಗನನ್ನು "ಯಂತ್ರ" ಮಾಡಿ ಗೋಡೆಯ ಕಡೆ ಮುಖ ಮಾಡಿ ಕೂರಿಸಿದೆವು. ಅವನ ಕೈಯಲ್ಲಿ ಪುಸ್ತಕ ಮಾತ್ರ. ನಾವು ಹೊಸ ಹಣ್ಣು ಹಿಡಿದು "ಹಸಿರು 2, ಹಳದಿ 8, ಕಪ್ಪು 0" ಎಂದು ಕೂಗಬೇಕು. ಅವನು ಪುಸ್ತಕದಲ್ಲಿ ಅದಕ್ಕೆ ತೀರ ಹತ್ತಿರವಾದ ಮೂರು ಸಾಲು ಹುಡುಕಿ, ಅವುಗಳ ಉತ್ತರ ನೋಡಿ ತನ್ನ ಉತ್ತರ ಹೇಳಬೇಕು. ಹಣ್ಣನ್ನು ಮುಟ್ಟುವಂತಿಲ್ಲ, ಸ್ವಂತ ತಿಳಿವಳಿಕೆ ಬಳಸುವಂತಿಲ್ಲ.

ಹತ್ತು ಹಣ್ಣುಗಳಲ್ಲಿ ಒಂಬತ್ತು ಸರಿ ಬಂದವು. ಒಂದು ತಪ್ಪಿತು. ಅದು ಫ್ರಿಜ್ಜಿನಲ್ಲಿಟ್ಟಿದ್ದ ಕಾಯಿ. ಚಳಿಗೆ ಸಿಪ್ಪೆ ಕಪ್ಪಾಗಿತ್ತು, ಒಳಗೆ ಮಾತ್ರ ಕಲ್ಲಿನಂತೆ ಗಟ್ಟಿ. ಯಂತ್ರ "ಕಳಿತದ್ದು" ಎಂದಿತು.

ಕೊನೆಗೆ ನಾನು ಚೀಲದಿಂದ ಅವರೂರಿನದೇ ಕೆಂಪು ಬಾಳೆ ತೆಗೆದೆ. ಭೌಗೋಳಿಕ ಗುರುತು ಪಡೆದ ಕಮಲಾಪುರದ ಕೆಂಪು ಬಾಳೆ ಗೊತ್ತಲ್ಲ? ಕಾಯಿ ಇರುವಾಗಲೂ ಅದು ಕೆಂಪೇ. ನಾನು ಹಿಡಿದದ್ದು ಇನ್ನೂ ಕಾಯಿ. "ಹಸಿರು 0, ಹಳದಿ 0, ಕಪ್ಪು 5" ಎಂದು ಕೂಗಿದರು. ಕೆಂಪಿಗೆ ಅಂಕ ಹಾಕುವ ಜಾಗವೇ ಪುಸ್ತಕದಲ್ಲಿ ಇರಲಿಲ್ಲ, ಆ ಮಬ್ಬು ಕೆಂಪನ್ನು ಕಪ್ಪಿನ ಲೆಕ್ಕಕ್ಕೇ ಹಾಕಿದರು. ಯಂತ್ರದ ಹುಡುಗ ಓರೆಗಣ್ಣಿನಲ್ಲಿ ನೋಡಿ ನಕ್ಕುಬಿಟ್ಟ. "ಸರ್, ಇದು ಕಾಯಿ ಅಂತ ನನಗ ಗೊತ್ತದರಿ. ಆದ್ರ ಪುಸ್ತಕ್ದಾಗ ಕಳಿತದ್ದು ಅಂತೇ ಬರ್ತದ."

ಈ ಎರಡು ತಪ್ಪುಗಳನ್ನು, ಫ್ರಿಜ್ಜಿನ ಕಾಯಿ ಮತ್ತು ಕೆಂಪು ಬಾಳೆಯನ್ನು, ನೆನಪಿಟ್ಟುಕೊಳ್ಳಿ. ನಕ್ಷತ್ರಗಳ ವಿಷಯದಲ್ಲೂ ಇವೇ ಎರಡು ಬರುತ್ತವೆ.

ಹದಿನಾರು ಕೋಟಿ ಉತ್ತರಗಳು

2018ರ ಏಪ್ರಿಲ್‌ನಲ್ಲಿ ಗಾಯಾ ತಂಡ ಸುಮಾರು 16 ಕೋಟಿ 10 ಲಕ್ಷ ನಕ್ಷತ್ರಗಳ ತಾಪವನ್ನು ಪ್ರಕಟಿಸಿತು. ಅಷ್ಟೂ ನಕ್ಷತ್ರಗಳಿಗೆ ಅವರು ಬಳಸಿದ್ದು ಮೂರೇ ಅಳತೆ: ಒಟ್ಟು ಬೆಳಕು, ನೀಲಿ ಕಡೆಯ ಬೆಳಕು, ಕೆಂಪು ಕಡೆಯ ಬೆಳಕು. ಪುಸ್ತಕದ ಜಾಗದಲ್ಲಿ ಇದ್ದವು ಈಗಾಗಲೇ ತಾಪ ಗೊತ್ತಿದ್ದ ಸಾವಿರಾರು ನಕ್ಷತ್ರಗಳು.

ನಮ್ಮ ಹುಡುಗ ಹತ್ತಿರದ ಮೂರು ಸಾಲು ಹುಡುಕಿದ. ಗಾಯಾದ ಯಂತ್ರದ ವಿಧಾನ ಸ್ವಲ್ಪ ಬೇರೆ. ಅದು ಪ್ರಶ್ನೆಗಳ ಮರಗಳನ್ನು ಕಟ್ಟುತ್ತದೆ. "ನೀಲಿಗಿಂತ ಕೆಂಪು ಇಷ್ಟಕ್ಕಿಂತ ಹೆಚ್ಚೇ?" ಎಂಬುದು ಬುಡದ ಪ್ರಶ್ನೆ. ಹೌದಾದರೆ ಒಂದು ಕೊಂಬೆ, ಇಲ್ಲವಾದರೆ ಇನ್ನೊಂದು. ಅಲ್ಲಿ ಮತ್ತೊಂದು ಪ್ರಶ್ನೆ. ಹೀಗೆ ಏರುತ್ತಾ ಹೋಗಿ ತುದಿಯ ಎಲೆಯಲ್ಲಿ ಒಂದು ತಾಪ ಸಿಗುತ್ತದೆ. ಒಂದೇ ಮರದ ಮಾತು ನಂಬಿದರೆ ಮೋಸ ಹೋಗಬಹುದು. ಆದ್ದರಿಂದ ಬೇರೆ ಬೇರೆ ರೀತಿ ಪ್ರಶ್ನೆ ಕೇಳುವ ಬಹಳ ಮರಗಳನ್ನು ಬೆಳೆಸಿ, ಎಲ್ಲದರ ಉತ್ತರದ ಸರಾಸರಿ ತೆಗೆಯುತ್ತಾರೆ. ಊರಿನ ಕಟ್ಟೆಯಲ್ಲಿ ಹತ್ತು ಜನ ಪಂಚರನ್ನು ಕೂರಿಸಿ ಎಲ್ಲರ ಮಾತನ್ನೂ ಕೇಳಿದ ಹಾಗೆ.

ರೋಹಿತದಿಂದ ಬಂದ ಸರಿಯುತ್ತರದ ಜೊತೆ ಹೋಲಿಸಿದಾಗ, ಯಂತ್ರದ ಉತ್ತರ ಸಾಮಾನ್ಯವಾಗಿ 324 ಕೆಲ್ವಿನ್‌ನಷ್ಟು ಹೆಚ್ಚುಕಡಿಮೆ ಇತ್ತು. ಸೂರ್ಯನಂತಹ ನಕ್ಷತ್ರಕ್ಕೆ ಇದು ನೂರಕ್ಕೆ ಐದಾರರಷ್ಟು ತಪ್ಪು. ಬರೀ ಮೂರು ಅಳತೆಯಿಂದ ಇಷ್ಟು ಹತ್ತಿರ ಬಂದದ್ದು ಸಣ್ಣ ಮಾತಲ್ಲ ಎಂದು ನನಗನ್ನಿಸುತ್ತದೆ.

ಈಗ ಫ್ರಿಜ್ಜಿನ ಕಾಯಿಗೆ ಬರೋಣ. ಅದರ ಸಿಪ್ಪೆಯನ್ನು ಕಪ್ಪು ಮಾಡಿದ್ದು ಹೊರಗಿನ ಚಳಿ, ಹಣ್ಣಿನ ಹದವಲ್ಲ. ನಕ್ಷತ್ರದ ಬಣ್ಣವನ್ನೂ ಹೊರಗಿನದೊಂದು ಕೆಡಿಸುತ್ತದೆ. ತೊಗರಿ ರಾಶಿ ಮಾಡುವ ದಿನಗಳಲ್ಲಿ ಹೊಟ್ಟು, ಧೂಳು ಎದ್ದಾಗ ಸಂಜೆಯ ಸೂರ್ಯ ಕೆಂಪಾಗಿ ಕಾಣುವುದನ್ನು ನೋಡಿದ್ದೀರಲ್ಲ? ಸೂರ್ಯ ತಣ್ಣಗಾಗಿರುವುದಿಲ್ಲ. ನಡುವಿನ ಗಾಳಿ, ಧೂಳು ನೀಲಿ ಬೆಳಕನ್ನು ಹೆಚ್ಚಾಗಿ ಚದುರಿಸಿಬಿಡುತ್ತವೆ, ಕೆಂಪು ಹೆಚ್ಚಾಗಿ ನಮ್ಮ ಕಣ್ಣಿಗೆ ಬರುತ್ತದೆ. ನಕ್ಷತ್ರಗಳ ನಡುವೆಯೂ ಸಣ್ಣ ಧೂಳಿನ ಮೋಡಗಳಿವೆ. ಅವುಗಳ ಹಿಂದೆ ಇರುವ ಬಿಸಿ ನಕ್ಷತ್ರ ಕೆಂಪಾಗಿ ಕಾಣುತ್ತದೆ, ಯಂತ್ರ ಅದನ್ನು ತಣ್ಣನೆಯದೆಂದು ಬರೆದುಬಿಡುತ್ತದೆ. 2018ರ ಪಟ್ಟಿಯಲ್ಲಿ ಧೂಳು ಹೆಚ್ಚಿರುವ ಕಡೆ ಹೀಗೇ ಆಗಿತ್ತು. ಯಂತ್ರಕ್ಕೆ ತೋರಿಸಿದ ಮಾದರಿಗಳಲ್ಲಿ ಹೆಚ್ಚಿನವು ಧೂಳು ಕಡಿಮೆ ಇರುವ ಕಡೆಯವು. ಈ ಎಚ್ಚರಿಕೆಯನ್ನು ಆ ತಂಡದವರೇ ತಮ್ಮ ಪ್ರಬಂಧದಲ್ಲಿ ಬರೆದಿದ್ದಾರೆ.

ಇದಕ್ಕೆ ಮದ್ದು ಇದೆ. ಬಣ್ಣಗಳ ಸಂಖ್ಯೆ ಹೆಚ್ಚಿಸಬೇಕು. ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಧೂಳನ್ನು ಸುಲಭವಾಗಿ ದಾಟುತ್ತದೆ. ಅದನ್ನೂ ಅಳೆದು, ನಕ್ಷತ್ರ ಎಷ್ಟು ದೂರದಲ್ಲಿದೆ ಎಂಬುದನ್ನೂ ಸೇರಿಸಿದರೆ ಯಾವ ಕೆಂಪು ನಕ್ಷತ್ರದ್ದು, ಯಾವುದು ಧೂಳಿನದ್ದು ಎಂದು ಬೇರ್ಪಡಿಸಲು ಸಾಧ್ಯವಾಗುತ್ತದೆ. 2022ರಲ್ಲಿ ಗಾಯಾ ಸುಮಾರು 22 ಕೋಟಿ ಕಾಯಗಳ ಚಿಕ್ಕ ರೋಹಿತಗಳನ್ನೇ ಕೊಟ್ಟಿತು. ಅಲ್ಲಿಂದ ಉತ್ತರಗಳು ಇನ್ನಷ್ಟು ಸುಧಾರಿಸಿದವು.

ಕೆಂಪು ಬಾಳೆಯ ತೊಂದರೆ ಇನ್ನೂ ಆಳವಾದದ್ದು. 2018ರ ಯಂತ್ರಕ್ಕೆ ತೋರಿಸಿದ ಮಾದರಿಗಳೆಲ್ಲ 3,000ದಿಂದ 10,000 ಕೆಲ್ವಿನ್ ಒಳಗಿನವು. ರಿಗೆಲ್‌ನಂತಹ 12,000 ಕೆಲ್ವಿನ್ ನಕ್ಷತ್ರ ಅದರ ಮುಂದೆ ಬಂದರೆ? ಮರಗಳು ಕೊಡುವುದು ಗೊತ್ತಿರುವ ಉತ್ತರಗಳ ಸರಾಸರಿ. ನಿಮ್ಮ ತರಗತಿಯಲ್ಲಿ ಯಾರಿಗೂ 80ಕ್ಕಿಂತ ಹೆಚ್ಚು ಅಂಕ ಬಂದಿಲ್ಲ ಎನ್ನಿ. ತರಗತಿಯ ಸರಾಸರಿ 90 ಆಗಲು ಸಾಧ್ಯವೇ? ಇಲ್ಲ. ಹಾಗೆಯೇ ಆ ಯಂತ್ರ 10,000ವನ್ನು ದಾಟುವುದೇ ಇಲ್ಲ. ಎಷ್ಟೇ ಬಿಸಿ ನಕ್ಷತ್ರ ಬಂದರೂ ಅದರೊಳಗಿನ ಒಂದು ಅಂಕಿಯನ್ನೇ ಹೇಳುತ್ತದೆ. ಅದನ್ನು ಹೇಳುವಾಗ ತಡವರಿಸುವುದೂ ಇಲ್ಲ. ನಮ್ಮ ಹುಡುಗನಾದರೂ ನಕ್ಕ.

ಇನ್ನೊಂದು ಬಗೆಯ ಕೆಂಪು ಬಾಳೆಯೂ ಆಕಾಶದಲ್ಲಿದೆ. ಹೈಡ್ರೊಜನ್, ಹೀಲಿಯಂ ಬಿಟ್ಟು ಉಳಿದ ಧಾತುಗಳನ್ನೆಲ್ಲ ಖಗೋಳ ವಿಜ್ಞಾನಿಗಳು "ಲೋಹ" ಎಂದು ಕರೆಯುತ್ತಾರೆ. ರಸಾಯನ ವಿಜ್ಞಾನದ ಪಾಠದಲ್ಲಿ ಆಮ್ಲಜನಕವನ್ನು ಲೋಹ ಎಂದು ಬರೆದು ಬಂದೀರಿ, ಎಚ್ಚರ! ಬಹಳ ಹಿಂದೆ ಹುಟ್ಟಿದ ನಕ್ಷತ್ರಗಳಲ್ಲಿ ಈ ಲೋಹಗಳು ತೀರ ಕಡಿಮೆ. ಅಂತಹ ನಕ್ಷತ್ರಗಳು ವಿರಳ, ಆದ್ದರಿಂದ ಯಂತ್ರದ ಪುಸ್ತಕದಲ್ಲೂ ಅವುಗಳ ಸಾಲುಗಳು ಕಡಿಮೆ. ಆದರೆ ಆಕಾಶಗಂಗೆಯ ಬಾಲ್ಯ ಹೇಗಿತ್ತೆಂದು ಹೇಳಬಲ್ಲವು ಅವೇ. ಲಡಾಖ್‌ನ ಹಾನ್ಲೆಯಲ್ಲಿರುವ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕದಿಂದ ನಮ್ಮ ವಿಜ್ಞಾನಿಗಳು ಇಂತಹ ನಕ್ಷತ್ರಗಳ ರೋಹಿತ ತೆಗೆಯುತ್ತಿದ್ದಾರೆ. ವಿಶೇಷವೆಂದರೆ ಹಿಮಾಲಯದ ಆ ದೂರದರ್ಶಕವನ್ನು ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ ಕುಳಿತು ಉಪಗ್ರಹದ ಮೂಲಕ ನಡೆಸುತ್ತಾರೆ.

ಜಾತ್ರೆಯಲ್ಲಿ ಒಂದು ಕುಟುಂಬ

ಹೊಸಕೋಟೆಯ ಆ ಕೇಂದ್ರ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಗೆ ಸೇರಿದ್ದು. ನಮ್ಮ ದೇಶದ ಆಸ್ಟ್ರೋಸ್ಯಾಟ್ ಉಪಗ್ರಹ 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಮೇಲೇರಿತು. ಅದರಲ್ಲಿರುವ ನೇರಳಾತೀತ ದೂರದರ್ಶಕವನ್ನು ಜೋಡಿಸಿದ್ದು ಹೊಸಕೋಟೆಯಲ್ಲೇ. 2021ರಲ್ಲಿ ಇದೇ ಸಂಸ್ಥೆಯ ವಿಕ್ರಾಂತ್ ಜಾಧವ್, ಅನ್ನಪೂರ್ಣಿ ಸುಬ್ರಮಣಿಯಂ ಮತ್ತು ಸಂಗಡಿಗರು ಯಂತ್ರ ಕಲಿಕೆಯಿಂದ ಒಂದು ಒಳ್ಳೆಯ ಕೆಲಸ ಮಾಡಿದರು.

ಕೃತ್ತಿಕೆಯನ್ನು ನೀವು ನೋಡಿದ್ದೀರಿ. ಒಂದೇ ಮೋಡದಿಂದ ಒಂದೇ ಕಾಲಕ್ಕೆ ಹುಟ್ಟಿದ ನಕ್ಷತ್ರಗಳ ಗುಂಪು ಅದು. ಇಂತಹ ಗುಂಪುಗಳು ಆಕಾಶದಲ್ಲಿ ಬಹಳ ಇವೆ. ಒಂದು ಗುಂಪಿನ ನಕ್ಷತ್ರಗಳ ವಯಸ್ಸು ಒಂದೇ, ದೂರವೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಒಂದು ನಕ್ಷತ್ರ ಯಾವ ಗುಂಪಿನದೆಂದು ಗೊತ್ತಾದರೆ ಅದರ ವಯಸ್ಸು, ದೂರ ತಾನಾಗಿಯೇ ಗೊತ್ತಾಗುತ್ತದೆ. ತೊಂದರೆ ಏನೆಂದರೆ ಗುಂಪಿನ ಮುಂದೆ, ಹಿಂದೆ ಸಂಬಂಧವಿಲ್ಲದ ನಕ್ಷತ್ರಗಳು ಬೆರೆತಿರುತ್ತವೆ. ಫೋಟೋದಲ್ಲಿ ಎಲ್ಲವೂ ಒಂದೇ ಕಡೆ ಕಾಣುತ್ತವೆ.

ಕಲಬುರಗಿಯ ಶರಣಬಸವೇಶ್ವರ ಜಾತ್ರೆಯ ತೇರಿನ ದಿನ ಮಾಳಿಗೆ ಮೇಲೆ ನಿಂತು ಕೆಳಗೆ ನೋಡಿ. ಆ ಜನಸಾಗರದಲ್ಲಿ ಕಮಲಾಪುರದಿಂದ ಒಂದೇ ಟ್ರ್ಯಾಕ್ಟರಿನಲ್ಲಿ ಬಂದವರು ಯಾರು ಎಂದು ಹೇಗೆ ಹೇಳುತ್ತೀರಿ? ಹತ್ತಿರ ನಿಂತವರೆಲ್ಲ ಒಂದೇ ಮನೆಯವರಲ್ಲ. ಸ್ವಲ್ಪ ಹೊತ್ತು ನೋಡುತ್ತಿರಿ. ಒಂದು ಮನೆಯವರು ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ ಸರಿಯುತ್ತಾರೆ. ನಕ್ಷತ್ರ ಗುಂಪೂ ಹಾಗೆಯೇ ಚಲಿಸುತ್ತದೆ. ಆ ಚಲನೆ ಅತಿ ಸಣ್ಣದು, ಆದರೂ ಗಾಯಾ ಅದನ್ನು ಅಳೆದಿದೆ.

ಬೆಂಗಳೂರಿನ ತಂಡ ಆರು ಗುಂಪುಗಳನ್ನು ಆರಿಸಿಕೊಂಡಿತು. ಮೊದಲು ಚಲನೆ, ದೂರ ನೋಡಿ ಅನುಮಾನವೇ ಇಲ್ಲದ ಸದಸ್ಯರನ್ನು ಬೇರ್ಪಡಿಸಿದರು. ಅವರನ್ನೇ ಮಾದರಿಯಾಗಿ ಯಂತ್ರಕ್ಕೆ ತೋರಿಸಿದರು. ಆಮೇಲೆ ಸ್ಥಾನ, ಚಲನೆ, ದೂರ, ಹೊಳಪು, ಬಣ್ಣ ಎಲ್ಲವನ್ನೂ ಕೊಟ್ಟು ಉಳಿದ ನಕ್ಷತ್ರಗಳ ಬಗ್ಗೆ ಕೇಳಿದರು. ಇಲ್ಲಿ ನನಗೆ ಹಿಡಿಸಿದ್ದು ಒಂದಿದೆ. ಅವರು ಉತ್ತರವನ್ನು ಎರಡಲ್ಲ, ಮೂರು ಪಾಲು ಮಾಡಿದರು: ಸದಸ್ಯ, ಸದಸ್ಯ ಇರಬಹುದು, ಹೊರಗಿನದು. "ಇರಬಹುದು" ಎನ್ನಲು ಜಾಗ ಬಿಟ್ಟಿದ್ದಾರೆ. ನಮ್ಮ ಬಾಳೆಹಣ್ಣಿನ ಪುಸ್ತಕದಲ್ಲಿ ಆ ಜಾಗ ಇರಲಿಲ್ಲ.

ಹಿಂದಿನ ಅಧ್ಯಯನಗಳಿಗಿಂತ ಗುಂಪಿಗೆ 200ರಿಂದ 2,500 ಹೊಸ ಸದಸ್ಯರು ಸಿಕ್ಕರು. ಆರರಲ್ಲಿ ಒಂದು ಎಂ-67, ಕರ್ಕಾಟಕ ರಾಶಿಯಲ್ಲಿ ಸುಮಾರು 2,800 ಜ್ಯೋತಿರ್ವರ್ಷ ದೂರದಲ್ಲಿದೆ. ವಯಸ್ಸು ಸುಮಾರು 400 ಕೋಟಿ ವರ್ಷ. ಹೆಚ್ಚುಕಡಿಮೆ ನಮ್ಮ ಸೂರ್ಯನ ಓರಗೆಯದು. ಆಸ್ಟ್ರೋಸ್ಯಾಟ್‌ನ ನೇರಳಾತೀತ ಚಿತ್ರದಲ್ಲಿ ಎಂ-67ರ ಹೆಚ್ಚಿನ ನಕ್ಷತ್ರಗಳು ಇರಬೇಕಾದುದಕ್ಕಿಂತ ಹೆಚ್ಚು ಹೊಳೆದವು. ಅಷ್ಟು ನೇರಳಾತೀತ ಬೆಳಕು ಎಲ್ಲಿಂದ ಬಂತು? ಪಕ್ಕದಲ್ಲಿ ಸಣ್ಣದಾದರೂ ಬಹಳ ಬಿಸಿಯಾದ ಜೊತೆಗಾರ ನಕ್ಷತ್ರ ಅಡಗಿದ್ದರೆ ಹೀಗಾಗಬಹುದು. ನಕ್ಷತ್ರದ ಮೇಲ್ಮೈಯ ಚಟುವಟಿಕೆಯಿಂದಲೂ ಆಗಬಹುದು. ಯಾವುದು ಎಂದು ತೀರ್ಮಾನಿಸಲು ಒಂದೊಂದನ್ನೂ ಮತ್ತೆ ರೋಹಿತದಲ್ಲೇ ನೋಡಬೇಕು.

ಮಾಡಿ ನೋಡಿ

ಕೆಂಪು ಮತ್ತು ನೀಲಿ ಗಾಜಿನ ಕಾಗದ ತನ್ನಿ. ಅಂಗಡಿಯಲ್ಲಿ ಉಡುಗೊರೆ ಸುತ್ತಲು ಕೊಡುವಂಥದ್ದು ಸಾಕು. ಚಂದ್ರನಿಲ್ಲದ ರಾತ್ರಿ ಆರ್ದ್ರಾ, ರಿಗೆಲ್, ರೋಹಿಣಿ, ಲುಬ್ಧಕ ಈ ನಾಲ್ಕನ್ನು ಒಂದೊಂದು ಕಾಗದದ ಮೂಲಕ ನೋಡಿ. ಯಾವ ಕಾಗದದಲ್ಲಿ ಯಾವ ನಕ್ಷತ್ರ ಹೆಚ್ಚು ಮಂಕಾಯಿತು ಎಂದು ಹತ್ತಕ್ಕೆ ಅಂಕ ಹಾಕಿ. ನಾಲ್ಕರಲ್ಲಿ ಮೂರರ ತಾಪ ನಿಮಗೆ ಕೊಡುತ್ತೇನೆ: ಆರ್ದ್ರಾ 3,500, ಲುಬ್ಧಕ 9,900, ರಿಗೆಲ್ 12,000 ಕೆಲ್ವಿನ್. ನಿಮ್ಮ ಪಟ್ಟಿ ನೋಡಿ ರೋಹಿಣಿಯ ತಾಪ ಊಹಿಸಿ, ಆಮೇಲೆ ಶಿಕ್ಷಕರನ್ನು ಕೇಳಿ. ನಕ್ಷತ್ರ ಕ್ಷಿತಿಜದ ಹತ್ತಿರ ಇರುವಾಗ ಒಮ್ಮೆ, ನೆತ್ತಿಯ ಕಡೆ ಏರಿದಾಗ ಇನ್ನೊಮ್ಮೆ ಅಂಕ ಹಾಕುವುದನ್ನು ಮರೆಯಬೇಡಿ. ಎರಡೂ ಸಲ ಒಂದೇ ಅಂಕ ಬರುವುದಿಲ್ಲ. ಏಕೆ ಎಂದು ಪಟ್ಟಿಯ ಪಕ್ಕದಲ್ಲಿ ಬರೆಯಿರಿ.

ಕಮಲಾಪುರದ ಆ ಹುಡುಗಿ ಈ ಪಟ್ಟಿ ಮಾಡಿ ನನಗೆ ತೋರಿಸಿದಳು. ಕೊನೆಯ ಅಂಕಣವನ್ನು ಅವಳೇ ಸೇರಿಸಿದ್ದಳು. ಅದರ ಮೇಲೆ "ಗೊತ್ತಾಗಲಿಲ್ಲ" ಎಂದು ಬರೆದಿತ್ತು.